ಇನ್ನೇನಾದರೂ ಸಹಾಯ ಬೇಕಿತ್ತೇ, ಮೇಡಂ?

ನಮ್ಮ ಆಫೀಸಿನಲ್ಲಿ ಪ್ರತಿಯೊಬ್ಬರ ಮೇಜಿನ ಮೇಲೂ ಅಂಗೈಯಗಲದ ಒಂದು ಕನ್ನಡಿ ಇದೆ. ಅಲಂಕಾರಕ್ಕಲ್ಲ. ಫೋನಿನಲ್ಲಿ ಮಾತಾಡುವಾಗ ನಾವು ನಗುತ್ತಿದ್ದೇವೋ ಇಲ್ಲವೋ ಎಂದು ನೋಡಿಕೊಳ್ಳಲು. ನಗು ಧ್ವನಿಯಲ್ಲಿ ಕೇಳಿಸಬೇಕು ಎನ್ನುವುದು ನಿಯಮ. ಗಿರಾಕಿ ನಮ್ಮ ವಂಶವನ್ನೆಲ್ಲ ಸಾಲಾಗಿ ನಿಲ್ಲಿಸಿ ಬಯ್ಯುತ್ತಿರುವಾಗಲೂ ಕನ್ನಡಿಯಲ್ಲಿ ಹಲ್ಲು ಕಾಣುತ್ತಿರಬೇಕು. ದಿನವಿಡೀ ನನ್ನ ಹಲ್ಲನ್ನು ನಾನೇ ನೋಡಿಕೊಂಡು ಒಂದು ವಿಷಯ ಖಚಿತವಾಗಿದೆ: ನಡುವಯಸ್ಸಿನ ಹೆಂಗಸು ಕಾರಣವಿಲ್ಲದೆ ಹಲ್ಲು ಬಿಟ್ಟರೆ ಥೇಟ್ ಕುದುರೆಯ ಹಾಗೆ ಕಾಣುತ್ತಾಳೆ.

ನಾವು ಏನನ್ನೂ ತಯಾರಿಸುವುದಿಲ್ಲ, ಏನನ್ನೂ ಮಾರುವುದಿಲ್ಲ. ಬೇರೆಬೇರೆ ಕಂಪನಿಗಳ ವಾಷಿಂಗ್ ಮೆಷಿನ್, ಫ್ರಿಜ್, ಇಸ್ತ್ರಿಪೆಟ್ಟಿಗೆ ಕೆಟ್ಟಾಗ ಜನರಿಗೆ ಬಯ್ಯಲು ಯಾರಾದರೂ ಬೇಕಲ್ಲ, ಹಾಗೆ ಬಾಡಿಗೆಗೆ ಸಿಗುವವರು ನಾವು. ಯಾವ ಕಂಪನಿಯ ಪರವಾಗಿ ಬಯ್ಯಿಸಿಕೊಳ್ಳುತ್ತೇವೆಂದು ಮನೆಯಲ್ಲೂ ಬಾಯಿಬಿಡುವಂತಿಲ್ಲ. ಫೋನಿನಲ್ಲಿ ಹೇಳಿಕೊಳ್ಳುವುದಕ್ಕೆ ಅವರೇ ಒಂದೊಂದು ಹೆಸರು ಕೊಟ್ಟಿದ್ದಾರೆ. ನನ್ನದು ಹೂವಿನ ಹೆಸರು. ನನ್ನನ್ನು ಕಣ್ಣಾರೆ ಕಂಡ ಯಾರೂ ನನಗೆ ಇಡದಂಥ ಹೆಸರು.

ನನಗೆ ಈ ಕೆಲಸದಲ್ಲಿ ಒಂದೇ ಒಂದು ಆಸೆ ಇತ್ತು, ಗಾಜಿನ ಗೋಡೆಯ ಆಚೆಗೆ ಹೋಗುವುದು. ಅಲ್ಲಿ ಇ-ಮೇಲ್ ವಿಭಾಗ. ಅಲ್ಲಿರುವವರಿಗೆ ಕನ್ನಡಿ ಇಲ್ಲ. ಬಿಸ್ಕತ್ತು ತಿನ್ನುತ್ತ, ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡು ಟೈಪ್ ಮಾಡುತ್ತಾರೆ. 'ನಿಮಗಾದ ತೊಂದರೆಗೆ ಮನಸಾರೆ ಕ್ಷಮೆ ಕೋರುತ್ತೇವೆ' ಎಂದು ಬರೆಯುತ್ತಲೇ ಪಕ್ಕದವರಿಗೆ, 'ನೋಡೇ, ಈ ಮುಠ್ಠಾಳ ಪ್ಲಗ್ಗೇ ಹಾಕಿಲ್ಲ' ಎನ್ನಬಹುದು. ಸ್ವರ್ಗ ಅಂದರೆ ಇದಕ್ಕಿಂತ ಬೇರೆ ಏನಿರುತ್ತದೆ?

ಅಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ನಮ್ಮ ಮೇಲ್ವಿಚಾರಕಿಯ ಹತ್ತಿರ ಹೋಗಿ ಕೇಳಿದ್ದೆ. ಅವರಿಗೆ ನಾವೆಲ್ಲ ಇಟ್ಟ ಹೆಸರು ಸಕ್ಕರೆ ಮೇಡಂ. ಯಾರನ್ನಾದರೂ ಕೆಲಸದಿಂದ ತೆಗೆಯುವಾಗಲೂ ಆಕೆ 'ಬಂಗಾರ' ಎಂದೇ ಶುರುಮಾಡುತ್ತಾರೆ.

"ನೋಡೋಣ ಬಂಗಾರ. ತಿಂಗಳ ಕೊನೆಗೆ ಹೇಳ್ತೀನಿ" ಎಂದಿದ್ದರು.

ಈ ಆಸೆಯ ಹಿಂದೆ ಸೋಮಾರಿತನ ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದಷ್ಟೇ ಅಲ್ಲ. ಸಂಜೆ ಮನೆಗೆ ಹೋಗುವ ಹೊತ್ತಿಗೆ ನನ್ನಲ್ಲಿ ಮಾತು ಎನ್ನುವ ವಸ್ತುವೇ ಉಳಿಯುತ್ತಿರಲಿಲ್ಲ. ಗಂಡ ಏನಾದರೂ ಕೇಳಿದರೆ 'ಹೂಂ'. ಅತ್ತೆ ಏನಾದರೂ ಕೇಳಿದರೆ 'ಉಹೂಂ'. ಇವೆರಡರಲ್ಲೇ ಸಂಸಾರ ನಡೆಸುತ್ತಿದ್ದೆ. ಗಂಡನಿಗೆ ಇದರಿಂದ ತೊಂದರೆಯೇನೂ ಆಗಲಿಲ್ಲ. ನನಗೆ ಮಾತು ಕಡಿಮೆಯಾದಷ್ಟೂ ಅವರ ಮುಖದಲ್ಲಿ ಕಳೆ ಹೆಚ್ಚಾಗುತ್ತಿತ್ತು. ಅತ್ತೆ ಮಾತ್ರ ಹಾಗಲ್ಲ. ಅವರು ಇಡೀ ದಿನ ಒಬ್ಬರೇ ಇರುತ್ತಾರೆ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಮೇಲಿನ ಮನೆಯವರ ಜಗಳ, ನೀರು ಬಾರದ ಕಥೆ, ಮೊಣಕಾಲಿನ ಕಥೆ ಎಲ್ಲ ತಯಾರಾಗಿರುತ್ತದೆ. ನಾನು 'ಹೂಂ' ಎಂದು ಒಳಗೆ ನಡೆದುಬಿಡುತ್ತಿದ್ದೆ. ಬೆನ್ನ ಹಿಂದೆ ಅವರು ಗೋಡೆಗೆ ಹೇಳುವುದು ಕೇಳಿಸುತ್ತಿತ್ತು: "ನೀನಾದ್ರೂ ಕೇಳಪ್ಪ."

ಹೀಗಿರುವಾಗ ಒಂದು ದಿನ ಮಧ್ಯಾಹ್ನ, ಊಟದ ಡಬ್ಬಿ ಮುಚ್ಚಿ ಕುಳಿತಿದ್ದೇನೆ, ಕರೆ ಬಂತು. ಪರದೆಯ ಮೇಲೆ ಗಿರಾಕಿಯ ವಿಳಾಸ ಮೂಡಿತು. ಚೆನ್ನಾಗಿ ಪರಿಚಯವಿದ್ದ ವಿಳಾಸ. ನಮ್ಮ ಮನೆ.

ನಿಯಮ ಸ್ಪಷ್ಟವಾಗಿದೆ. ಬಂಧುಗಳೋ ಸ್ನೇಹಿತರೋ ಕರೆ ಮಾಡಿದರೆ ತಕ್ಷಣ ಪಕ್ಕದ ಸೀಟಿಗೆ ವರ್ಗಾಯಿಸಬೇಕು, ತಪ್ಪಿದರೆ ಶಿಕ್ಷೆ. ನನ್ನ ಪಕ್ಕದ ಸೀಟಿನಲ್ಲಿ ಬೆಂಕಿಪೊಟ್ಟಣ ಇದ್ದಾಳೆ. ಗಾತ್ರದಲ್ಲೂ ಗುಣದಲ್ಲೂ ನಾವಿಟ್ಟ ಹೆಸರಿಗೆ ತಕ್ಕವಳು. ಅವಳ ಕಡೆ ತಿರುಗಿದೆ. ಅವಳು ಕನ್ನಡಿಗೆ ಹಲ್ಲು ಕಿರಿಯುತ್ತ ಯಾರಿಗೋ ಫ್ರಿಜ್ಜಿನ ಬಾಗಿಲು ಮುಚ್ಚುವುದನ್ನು ಕಲಿಸುತ್ತಿದ್ದಳು. ಅಷ್ಟರಲ್ಲಿ ನನ್ನ ಬಾಯಿ ಅಭ್ಯಾಸಬಲದಿಂದ ತಾನೇ ತೆರೆದುಕೊಂಡು ಜೇನು ಸುರಿಸಿಬಿಟ್ಟಿತು. ನಮಸ್ಕಾರ ಹೇಳಿ, ಹೂವಿನ ಹೆಸರು ಹೇಳಿ, ನಿಮಗೆ ಹೇಗೆ ನೆರವಾಗಲಿ ಎಂದೂ ಕೇಳಿಯಾಯಿತು.

"ನೋಡಮ್ಮ," ಎಂದರು ಅತ್ತೆ, "ನಿಮ್ಮ ಮೆಷಿನ್ ನಡೀತಾ ಇದೆ."

"ಸಂತೋಷ ಮೇಡಂ."

"ಏನ್ ಸಂತೋಷ? ಕಾಲು ಬಂದ ಹಾಗೆ ನಡೀತಿದೆ ಅಂತ ಹೇಳ್ತಿರೋದು! ಬಟ್ಟೆ ಹಿಂಡೋ ಹೊತ್ತಿಗೆ ಧಡಧಡ ಅಂತ ಬಚ್ಚಲು ಬಾಗಿಲ ತನಕ ಬರತ್ತೆ. ಈ ಮನೇಲಿ ತಾನಾಗೇ ನನ್ನ ಹತ್ರ ಬರೋದು ಅಂದ್ರೆ ಅದೊಂದೇ."

ಅವರಿಗೆ ನನ್ನ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆಫೀಸಿನಲ್ಲಿ ನನ್ನ ಗಂಟಲು ಒಂದು ಮಹಡಿ ಮೇಲೆ ವಾಸಿಸುತ್ತದೆ. ಮನೆಯಲ್ಲಿ ಇತ್ತೀಚೆಗೆ ಅವರು ಕೇಳಿದ್ದು ಬರೀ ಹೂಂ, ಉಹೂಂ.

"ನಿಮ್ಮ ತೊಂದರೆ ನನಗೆ ಅರ್ಥವಾಗುತ್ತೆ ಮೇಡಂ" ಎಂದೆ. ಇದನ್ನು ಹೇಳಲೇಬೇಕು, ಹೇಳದಿದ್ದರೆ ಅಂಕ ಕಡಿಮೆ. "ಒಂದೇ ಭಾರವಾದ ಬಟ್ಟೆ ಹಾಕಿದ್ರೆ ಹಾಗೆ ನಡುಗುತ್ತೆ. ಆ ನೀಲಿ ಕಂಬಳಿ ಒಂದನ್ನೇ ಹಾಕ್ಬೇಡಿ, ಜೊತೆಗೆ ಎರಡು ಟವೆಲ್ ಹಾಕಿ."

"ನೀಲಿ ಅಂತ ನಿಂಗೆ ಹೇಗಮ್ಮ ಗೊತ್ತಾಯ್ತು?"

ಕನ್ನಡಿಯಲ್ಲಿ ಕುದುರೆಗೆ ಬೆವರಿಳಿಯಿತು. "ಸಾಮಾನ್ಯವಾಗಿ ನೀಲಿನೇ ಇರುತ್ತೆ, ಮೇಡಂ."

"ಅಬ್ಬಾ! ಎಷ್ಟು ತಿಳ್ಕೊಂಡಿದ್ದೀಯಾ ತಾಯಿ!"

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕರೆ ಮುಗಿಸುವ ಮೊದಲು ಇನ್ನೊಂದು ವಾಕ್ಯ ಹೇಳದೆ ವಿಧಿಯಿಲ್ಲ. ಗಿರಾಕಿ ಸಾಕು ಎನ್ನುವವರೆಗೂ ಅದನ್ನು ಮತ್ತೆ ಮತ್ತೆ ಕೇಳಬೇಕು, ನಾವಾಗಿ ಫೋನ್ ಇಡುವಂತಿಲ್ಲ.

"ಇನ್ನೇನಾದರೂ ಸಹಾಯ ಬೇಕಿತ್ತೇ, ಮೇಡಂ?"

"ಬೇಕಿತ್ತು ಕಣಮ್ಮ. ನನ್ನ ಸೊಸೇನ ರಿಪೇರಿ ಮಾಡೋಕೆ ಯಾರನ್ನಾದ್ರೂ ಕಳಿಸ್ತೀರಾ?"

ನಾನು ನಕ್ಕೆ. ಧ್ವನಿಯಲ್ಲಿ ಕೇಳಿಸುವ ಹಾಗೆಯೇ ನಕ್ಕೆ.

"ಮಾತೇ ಆಡಲ್ಲ ಅವಳು. ಬೆಳಿಗ್ಗೆ ಹೋಗ್ತಾಳೆ, ಸಂಜೆ ಬರ್ತಾಳೆ, ಮುಖ ನೋಡಿದ್ರೆ ಯಾರೋ ಸತ್ತೋಗಿದ್ದಾರೆ ಅನ್ಕೋಬೇಕು. ಮೊದಲು ಹೀಗಿರ್ಲಿಲ್ಲ. ಮದುವೆಯಾಗಿ ಬಂದಾಗ ಎಂಥಾ ಬಾಯಿ ಅಂತೀಯಾ! ನಾನು ಒಂದು ಅಂದ್ರೆ ಅವಳು ನಾಲ್ಕು ಅಂತಿದ್ಲು. ನಾವಿಬ್ರೂ ಜಗಳಕ್ಕೆ ನಿಂತ್ರೆ ನನ್ನ ಮಗ ಬೀದಿ ಸುತ್ತೋಕೆ ಹೋಗ್ತಿದ್ದ. ಈಗ ನಾನು ಬೇಕಂತ್ಲೇ ಕೆಣಕ್ತೀನಿ. ನಿನ್ನ ತವರಿನೋರಿಗೆ ಅಡುಗೆನೇ ಬರಲ್ಲ ಅಂತೀನಿ. ಅದಕ್ಕೂ ಹೂಂ ಅಂತಾಳೆ! ಹೇಳು, ಇದು ಮನುಷ್ಯರು ಮಾಡೋ ಕೆಲಸವಾ?"

"ನಿಮ್ಮ ತೊಂದರೆ ನನಗೆ ಅರ್ಥವಾಗುತ್ತೆ ಮೇಡಂ."

"ನಿಂಗರ್ಥ ಆಗತ್ತೆ. ಅವಳಿಗಾಗಲ್ವಲ್ಲ."

ಕೆಣಕಲೆಂದೇ ಹೇಳುತ್ತಿದ್ದರಂತೆ! ತವರಿನವರ ಅಡುಗೆಯ ಮಾತು ಕೇಳಿದ ರಾತ್ರಿ ನಾನು ದಿಂಬು ಕಚ್ಚಿಕೊಂಡು ಮಲಗಿದ್ದೆ. ಎದ್ದುಹೋಗಿ ಚೆನ್ನಾಗಿ ನಾಲ್ಕು ಹೇಳಲು ಗಂಟಲಲ್ಲಿ ಗಾಳಿ ಇರಲಿಲ್ಲ, ಅಷ್ಟೇ. ಈಗ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕರೆ ದಾಖಲಾಗುತ್ತಿದೆ, ಕನ್ನಡಿ ನೋಡುತ್ತಿದೆ, ಗಾಜಿನ ಆಚೆ ಆ ಕುರ್ಚಿ ಇನ್ನೂ ಖಾಲಿ ಇದೆ. ಮತ್ತೆ ಕೇಳಿದೆ, ಇನ್ನೇನಾದರೂ ಸಹಾಯ ಬೇಕಿತ್ತೇ. ಅವರು ಮತ್ತೆ ಹೇಳಿದರು. ಮೊಣಕಾಲಿನ ಕಥೆ, ಮೇಲಿನ ಮನೆಯವರ ಕಥೆ, ನಾನು ವಾರಗಟ್ಟಲೆ ಕೇಳದೆ ಬಿಟ್ಟದ್ದನ್ನೆಲ್ಲ ಅವತ್ತು ಕಂಪನಿಯ ಖರ್ಚಿನಲ್ಲಿ ಕೇಳಿದೆ. ಮೇಲಿನ ಮನೆಯ ಕಥೆ ನಿಜಕ್ಕೂ ಚೆನ್ನಾಗಿತ್ತು.

ಫೋನ್ ಇಡುವ ಮುನ್ನ ಅತ್ತೆ, "ನಿನ್ನಂಥೋಳು ನನ್ನ ಸೊಸೆ ಆಗ್ಬಾರದಿತ್ತಾ ಮಗಳೇ" ಎಂದರು.

ನಮ್ಮಲ್ಲಿ ತಿಂಗಳ ಕೊನೆಗೆ ಫೋನಿನವರೆಲ್ಲರನ್ನೂ ತರಬೇತಿ ಕೋಣೆಯಲ್ಲಿ ಕೂರಿಸಿ, ಆ ತಿಂಗಳ ಅತ್ಯುತ್ತಮ ಕರೆಯನ್ನು ದೊಡ್ಡ ಸ್ಪೀಕರಿನಲ್ಲಿ ಕೇಳಿಸುವ ಪದ್ಧತಿ ಇದೆ. ಸಕ್ಕರೆ ಮೇಡಂ ಗುಂಡಿ ಒತ್ತಿದರು. ಕೋಣೆಯ ತುಂಬ ನಮ್ಮತ್ತೆಯ ಧ್ವನಿ ಮೊಳಗಿತು: "ನಿಮ್ಮ ಮೆಷಿನ್ ನಡೀತಾ ಇದೆ."

ನಾನು ಮುಂದಿನ ಕುರ್ಚಿಯವರ ಬೆನ್ನ ಹಿಂದೆ ತಗ್ಗಿ ಕುಳಿತೆ.

ನೀಲಿ ಕಂಬಳಿಯ ಜಾಗ ಬಂದಾಗ ಮೇಡಂ ತಡೆದು, "ನೋಡಿ ಬಂಗಾರಗಳಾ! ಗಿರಾಕಿಯ ಮನೆಯೊಳಗೇ ಹೋಗಿ ನಿಂತ ಹಾಗೆ ಊಹೆ ಮಾಡಿದ್ದಾಳೆ. ಇದಕ್ಕೇ ಅನುಭವ ಅನ್ನೋದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಸೊಸೆಯ ಪ್ರಕರಣ ಶುರುವಾಯಿತು. ಮೊದಲು ನಗು. ಆಮೇಲೆ ತೀರ್ಪು.

"ಎಂಥಾ ಹೆಂಗಸು ನೋಡಿ" ಎಂದರು ಮುಂದಿನ ಸಾಲಿನಲ್ಲಿದ್ದ ಇಸ್ತ್ರಿಪೆಟ್ಟಿಗೆ ವಿಭಾಗದ ಹಿರಿಯರು. "ಮನೇಲಿರೋ ಮುದುಕಿ ಹತ್ರ ನಾಲ್ಕು ಮಾತಾಡಿದ್ರೆ ಇವಳ ಗಂಟೇನು ಹೋಗತ್ತೆ?"

"ಕೊಬ್ಬು ಸರ್, ಕೊಬ್ಬು" ಎಂದಳು ಬೆಂಕಿಪೊಟ್ಟಣ. ಅವಳು ಮನೆಯಲ್ಲಿ ತನ್ನತ್ತೆಯನ್ನು ಕಂಡರೆ ತಲೆನೋವೆಂದು ಮಲಗುವವಳು. ದಿನಾ ನನಗೆ ಅವಳೇ ಹೇಳುತ್ತಾಳೆ. "ಇಂಥೋಳು ನಮ್ಮನೇಲಿದ್ದಿದ್ರೆ ನಾನು ನೋಡ್ಕೋತಿದ್ದೆ!"

ಇಡೀ ಆಫೀಸು ನನಗೆ ಉಗಿಯುತ್ತ ನನ್ನನ್ನೇ ಹೊಗಳುತ್ತಿದ್ದರೆ ಯಾವ ಕಡೆ ಮುಖ ಮಾಡಬೇಕೆಂದೇ ತಿಳಿಯಲಿಲ್ಲ. ಇದನ್ನೂ ನುಂಗಿಬಿಡುತ್ತಿದ್ದೆನೇನೋ. ಆದರೆ ಸಕ್ಕರೆ ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು ಘೋಷಿಸಿದರು:

"ಈ ಬಂಗಾರ ಇ-ಮೇಲಿಗೆ ಹೋಗ್ಬೇಕು ಅಂತ ಕೇಳಿದ್ಲು. ಇಂಥಾ ಧ್ವನೀನ ಟೈಪ್ ಮಾಡೋಕೆ ಕಳಿಸಿದ್ರೆ ನನಗೆ ಪಾಪ ಸುತ್ಕೊಳ್ಳತ್ತೆ. ಇನ್ನು ನೀನು ಎಲ್ಲೂ ಹೋಗಲ್ಲ. ನಿವೃತ್ತಿ ತನಕ ಫೋನೇ!"

ಮತ್ತೆ ಚಪ್ಪಾಳೆ. ತೆರೆದ ಬಾಗಿಲಿನಿಂದ ಕಾಣುತ್ತಿದ್ದ ಗಾಜಿನ ಗೋಡೆಯ ಆಚೆ ಯಾರೋ ಕಾಲು ಮೇಲಿಟ್ಟುಕೊಂಡು ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಿದ್ದರು.

ನಾನು ಎದ್ದು ನಿಂತೆ. ಸತ್ಯದ ಮೇಲೆ ಪ್ರೀತಿ ಉಕ್ಕಿ ಬಂದಿತ್ತೆಂದು ಯಾರೂ ತಿಳಿಯಬಾರದು. ನಿವೃತ್ತಿಯ ತನಕ ಕುದುರೆಯ ಮುಖ ನೋಡಿಕೊಂಡಿರಬೇಕಲ್ಲ ಎಂಬ ಹೆದರಿಕೆ ನನ್ನನ್ನು ಎಬ್ಬಿಸಿತು.

"ಮೇಡಂ, ಆ ಸೊಸೆ ನಾನೇ."

ಕೋಣೆಯೆಲ್ಲ ನಕ್ಕಿತು. ನಾನು ನಗಲಿಲ್ಲ. ನಗು ಒಂದೊಂದೇ ಕುರ್ಚಿಯಿಂದ ಇಳಿಯುತ್ತ ಬಂತು.

"ಅಂದ್ರೆ... ಅವರು..." ಎಂದರು ಸಕ್ಕರೆ ಮೇಡಂ.

"ನಮ್ಮತ್ತೆ. ಕಂಬಳಿ ನಮ್ಮದು. ವಿಳಾಸ ನೋಡಿ ಬೇಕಾದ್ರೆ. ಪಕ್ಕದ ಸೀಟಿಗೆ ಕೊಡ್ಬೇಕಿತ್ತು, ಕೊಡ್ಲಿಲ್ಲ."

ಬೆಂಕಿಪೊಟ್ಟಣ ನೆಲ ನೋಡತೊಡಗಿದಳು. ಹಿರಿಯರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಸಕ್ಕರೆ ಮೇಡಂ ಮುಖದಲ್ಲಿ ಪಾಕ ಗಟ್ಟಿಯಾಯಿತು.

"ನೀನು ನಿಯಮ ಮುರಿದಿದ್ದೀಯ" ಎಂದರು. ಬಂಗಾರ ಎನ್ನಲಿಲ್ಲ. "ಬಂಧುಗಳ ಕರೆ ತಗೊಂಡೋರನ್ನ ಫೋನಿನ ಮೇಲೆ ಕೂರಿಸೋ ಹಾಗಿಲ್ಲ. ಇವತ್ತಿಂದ್ಲೇ ನಿಂಗೆ ಫೋನ್ ಬಂದ್." ಶಿಕ್ಷೆಯ ತೂಕ ನನಗೆ ತಿಳಿಯಲಿ ಎಂದು ಬೆರಳು ತೋರಿಸಿ ಹೇಳಿದರು, "ಹೋಗಿ ಅಲ್ಲಿ ಕೂತ್ಕೊಂಡು ಟೈಪ್ ಮಾಡು."

ಕೆನ್ನೆಯ ಒಳಭಾಗವನ್ನು ಕಚ್ಚಿ ಹಿಡಿದು, ತಲೆ ತಗ್ಗಿಸಿ, ಆದಷ್ಟು ದುಃಖದಿಂದ ಗಾಜಿನ ಬಾಗಿಲು ದಾಟಿದೆ.

ಮರುದಿನ ಇಡೀ ಹಗಲು ನಾನು ಯಾರೊಂದಿಗೂ ಮಾತಾಡಬೇಕಾಗಲಿಲ್ಲ. ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಗಂಟಲಲ್ಲಿ ಏನೋ ವಿಚಿತ್ರವೆನಿಸಿತು. ಅದು ನೋವಲ್ಲ, ನೋವಿಲ್ಲದಿರುವುದು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅತ್ತೆ ಬಾಗಿಲಲ್ಲೇ ಇದ್ದರು. "ಇವತ್ತು ಮತ್ತೆ ಮೆಷಿನ್ ಕಂಪನಿಗೆ ಫೋನ್ ಮಾಡಿದ್ದೆ. ಆ ಹೂವಿನ ಹೆಸರಿನ ಹುಡುಗಿ ಇಲ್ವಂತೆ. ಬೇರೆ ಯಾವಳೋ ಇದ್ಲು, ಪಟಪಟ ಅಂತ ಸಿಡಿದ್ಲು. ಆ ಹುಡುಗಿ ಎಷ್ಟು ನಯ! ನೀನೂ ಸ್ವಲ್ಪ ಕಲಿ."

"ಆ ಹುಡುಗಿ ನಾನೇ ಅತ್ತೆ."

"ಹೋಗೇ. ಈ ಗಂಟಲಿಗಾ?"

ನಾನು ಆ ಧ್ವನಿ ತೆಗೆದೆ. ನಮಸ್ಕಾರ, ಹೂವಿನ ಹೆಸರು, ನಿಮಗೆ ಹೇಗೆ ನೆರವಾಗಲಿ ಮೇಡಂ. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಅವರ ಕಿವಿಯ ತುದಿ ಕೆಂಪಾಯಿತು. ಫೋನಿನಲ್ಲಿ ತಾನು ಏನೇನು ಹೇಳಿದ್ದೆನೆಂದು ನೆನಪು ಮಾಡಿಕೊಳ್ಳುತ್ತಿದ್ದರು. ನಾಚಿಕೆ ಮುಗಿದ ಮೇಲೆ ಸಿಟ್ಟು ಬಂತು.

"ಓಹೋ! ಊರಿನೋರಿಗೆಲ್ಲ ಜೇನುತುಪ್ಪ, ಮನೆಯೋರಿಗೆ ಹೂಂ ಉಹೂಂ! ನನ್ನ ಬಾಯಿಂದ ಎಲ್ಲಾ ಕಕ್ಕಿಸಿ ಮಜಾ ತಗೊಂಡ್ಯಾ?"

"ನಿಮ್ಮ ತೊಂದರೆ ನನಗೆ ಅರ್ಥವಾಗುತ್ತೆ, ಮೇಡಂ" ಎಂದೆ, ಅದೇ ಧ್ವನಿಯಲ್ಲಿ. ಎಷ್ಟೋ ವರ್ಷಗಳ ಅಭ್ಯಾಸ, ಬಾಯಿ ತಾನಾಗಿ ಹಾಗೆ ತಿರುಗಿತು.

"ಥೂ, ನಿಲ್ಸು! ಎದುರಿಗೆ ಕೇಳಿದ್ರೆ ಮೈಯೆಲ್ಲಾ ತುರಿಸತ್ತೆ. ಬಯ್ಯೋದಿದ್ರೆ ನಿನ್ನ ಗಂಟಲಲ್ಲೇ ಬಯ್ಯಿ."

ನಾನು ಚೀಲವನ್ನು ಕುರ್ಚಿಯ ಮೇಲೆಸೆದೆ. ಸೊಂಟಕ್ಕೆ ಕೈಯಿಟ್ಟೆ. ಎಲ್ಲಿಂದ ಶುರುಮಾಡಲಿ ಎಂದು ಯೋಚಿಸಬೇಕಾಗಲೇ ಇಲ್ಲ.

"ನಮ್ಮ ತವರಿನೋರಿಗೆ ಅಡುಗೆ ಬರಲ್ವಾ? ನೀವು ಮಾಡಿದ ಸಾರನ್ನ ನಿಮ್ಮ ಮಗ ಎಲ್ಲಿ ಚೆಲ್ತಾರೆ ಗೊತ್ತಾ ನಿಮಗೆ?"

ಅತ್ತೆ ಸೆರಗು ಸಿಕ್ಕಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಮೊಣಕಾಲು ನೋವಿನ ಸುಳಿವೇ ಇರಲಿಲ್ಲ. ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ನನ್ನ ಗಂಡ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ, ಬಿಚ್ಚಲೆಂದು ಬಗ್ಗಿದ್ದ ಶೂ ದಾರವನ್ನು ಮತ್ತೆ ಬಿಗಿಮಾಡಿಕೊಂಡರು.

"ನಿಲ್ಲೋ ಅಲ್ಲೇ!" ಎಂದರು ಅತ್ತೆ. "ಎಲ್ಲಿ ಚೆಲ್ತೀಯೋ?"