ವಜ್ರಕಾಯನ ಮುಲಾಮು

‘ಭಾವ ಸಾಯಲಿ ಅಂತ ಇವತ್ತು ಮೂರು ಸಲ ಅನ್ನಿಸಿತು. ಎರಡು ಸಲ ಆಟದಲ್ಲಿ. ಮೂರನೆಯದು ಊಟದ ಮೇಜಿನಲ್ಲಿ. ನಾನು ಕೆಟ್ಟವಳೇ?’

ಶನಿವಾರ ಮಧ್ಯಾಹ್ನ ಡೈರಿಯಲ್ಲಿ ಇಷ್ಟು ಬರೆದು, ಕೊನೆಯ ಪ್ರಶ್ನೆಯನ್ನು ಹೊಡೆದುಹಾಕಿ, ಅವಳು ಮತ್ತೆ ಅದನ್ನೇ ಬರೆದಳು. ಪದವಿ ಮುಗಿಸಿ, ಕೆಲಸ ಹುಡುಕುವ ನೆಪದಲ್ಲಿ ಅಕ್ಕನ ಮನೆಗೆ ಬಂದು ಏಳು ತಿಂಗಳಾಗಿತ್ತು. ಅವಳಿಗೆ ಸಿಕ್ಕಿದ್ದು ಹಿಂದಿನ ಸಣ್ಣ ಕೋಣೆ, ಅದರಲ್ಲೊಂದು ಇಸ್ತ್ರಿ ಮೇಜು, ಮೇಜಿನ ಮೇಲೆ ಅವಳ ಹಳೆಯ ಲ್ಯಾಪ್‌ಟಾಪ್. ಗೋಡೆಯಾಚೆ ಭಾವನ ಸಿಂಹಾಸನ: ತಲೆಯಾನಿಸುವ ಕರಿ ಕುರ್ಚಿ, ಎರಡು ಪರದೆ, ಕೆಂಪು ಹಸಿರು ಮಿನುಗುವ ಕೀಬೋರ್ಡು.

ವಾರಕ್ಕೆ ಐದು ದಿನ ಭಾವ ಒಂದು ಕನ್ನಡಕದಂಗಡಿಯ ಮ್ಯಾನೇಜರು. ಶನಿವಾರ, ಭಾನುವಾರ ಬೆಳಿಗ್ಗೆ ಮಾತ್ರ ‘ವಜ್ರಕಾಯ’. ಆನ್‌ಲೈನ್ ಆಟದಲ್ಲಿ ಎಂಟು ಜನರ ಪಡೆಗೆ ನಾಯಕ. ಗುರಾಣಿ ಹಿಡಿದು ಮುಂದೆ ನಿಂತು ಶತ್ರುವಿನ ಪೆಟ್ಟನ್ನೆಲ್ಲ ಮೈಮೇಲೆ ಎಳೆದುಕೊಳ್ಳುವುದು ಅವನ ಪಾತ್ರ. ಪೆಟ್ಟು ತಿಂದವರ ಗಾಯ ಮಾಯಿಸಿ ಜೀವ ಉಳಿಸುವುದು ಹೀಲರ್ ಪಾತ್ರ. ಗೆದ್ದರೆ ಗುರಾಣಿಯವನು ಶೂರ. ಸೋತರೆ ಹೀಲರ್ ದಂಡಪಿಂಡ. ಇದು ಆ ಲೋಕದ ನ್ಯಾಯ.

ಬಂದ ಹೊಸದರಲ್ಲಿ ಅವಳು ಕೇಳಿದ್ದಳು, ‘ನಾನೂ ಸೇರ್ಕೊಳ್ಲಾ ಭಾವ?’

‘ನಿನಗ್ಯಾಕಮ್ಮ ಅದೆಲ್ಲ. ಇನ್ನೊಂದು ಲೋಟ ನೀರು ಕೇಳೋಕೂ ನಾಚ್ಕೋತೀಯ. ಅಲ್ಲಿ ಕ್ಷಣಕ್ಕೊಂದು ತೀರ್ಮಾನ ತಗೋಬೇಕು.’

ಅವಳಿಗೆ ತೀರ್ಮಾನಿಸಲು ಮೂರು ದಿನ ಹಿಡಿಯಿತು. ‘ಮುಲಾಮು’ ಎಂದು ಹೆಸರಿಟ್ಟುಕೊಂಡು ಅದೇ ಪಡೆಗೆ ಅರ್ಜಿ ಹಾಕಿದಳು. ಹೀಲರ್‌ಗಳಿಗೆ ಎಲ್ಲ ಕಡೆಯೂ ಬರ. ಮೈಕ್ ಕೆಟ್ಟಿದೆ ಎಂದು ಬರೆದರೂ ಸೇರಿಸಿಕೊಂಡರು. ಬಾಯಿ ಬಿಡದ್ದರಿಂದ ಗಂಡಸೆಂದೂ ಅವರೇ ನಿರ್ಧರಿಸಿದರು. ಅಂದಿನಿಂದ ಭಾವನ ಬೈಗುಳ ಅವಳಿಗೆ ಎರಡೆರಡು ಸಲ ಕೇಳುತ್ತಿತ್ತು: ಗೋಡೆಯಿಂದ ಒಮ್ಮೆ, ಅರೆಕ್ಷಣ ಬಿಟ್ಟು ಹೆಡ್‌ಫೋನಿನಿಂದ ಇನ್ನೊಮ್ಮೆ.

ಮೊದಮೊದಲು ಬೈಗುಳಕ್ಕೆ ಅವಳು ಅರ್ಹಳೇ. ಪರದೆಯ ಮೇಲೆ ಯಾರದಾದರೂ ಜೀವದ ಪಟ್ಟಿ ಕೂದಲೆಳೆಯಷ್ಟು ಇಳಿದರೂ ಗಾಬರಿಬಿದ್ದು ಮಂತ್ರ ಸುರಿಯುತ್ತಿದ್ದಳು. ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ನಿಜಕ್ಕೂ ಬೇಕಾದಾಗ ಶಕ್ತಿ ಬತ್ತಿ ಬರಿಗೈ. ಆಗ ಡೈರಿಯ ಹಿಂದಿನ ಪುಟದಿಂದ ಸಾವುಗಳನ್ನು ಬರೆದಿಡಲು ಶುರುಮಾಡಿದಳು: ಸತ್ತವರು ಯಾರು, ಎಲ್ಲಿ ನಿಂತಿದ್ದರು, ಆಗ ತನ್ನ ಬೆರಳು ಏನು ಮಾಡುತ್ತಿತ್ತು. ಇನ್ನೂರು ಸಾವು ದಾಟುವ ಹೊತ್ತಿಗೆ ಜೀವದ ಪಟ್ಟಿ ನೋಡುವುದನ್ನು ಬಿಟ್ಟು ನೆಲ ನೋಡಲು ಕಲಿತಿದ್ದಳು. ಪೆಟ್ಟು ಬೀಳುವ ಮೊದಲೇ ಮಂತ್ರ ಹೊರಡಿಸುತ್ತಿದ್ದಳು. ಅರ್ಧ ಜೀವವಿದ್ದವನನ್ನು ಹಾಗೇ ಬಿಟ್ಟು ಕಾಯುತ್ತಿದ್ದಳು. ಎಲ್ಲಕ್ಕಿಂತ ಕಷ್ಟದ ಪಾಠ ಅದೇ, ಕೈಕಟ್ಟಿ ಕೂರುವುದು. ಏಳು ತಿಂಗಳಲ್ಲಿ ಅವಳಿಗೆ ದಕ್ಕಿದ ಒಂದೇ ವಿದ್ಯೆ ಇದು. ತನ್ನದು ಎನ್ನಲು ಇದ್ದ ಒಂದೇ ಜಾಗ ಆ ಪಡೆ.

ಆದರೆ ಕಲಿತದ್ದೇ ತಪ್ಪಾಯಿತು.

ಈ ಸಲದ ಶತ್ರು ಕಪ್ಪೆರಾಯ. ಮನೆಯಷ್ಟು ದೊಡ್ಡ ಕಪ್ಪೆ, ಆಗಾಗ ನೆಲಕ್ಕೆ ಹಸಿರು ಲೋಳೆ ಉಗುಳುತ್ತದೆ. ಲೋಳೆ ಬಿದ್ದಲ್ಲಿಂದ ಸರಿದು ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಭಾವ ಸರಿಯಲಿಲ್ಲ. ಸರಿದರೆ ಅವನು ಹೊಡೆಯಬೇಕಾದ ಎರಡು ಏಟು ತಪ್ಪುತ್ತವೆ, ಕೊನೆಯಲ್ಲಿ ಬರುವ ಶೂರರ ಪಟ್ಟಿಯಲ್ಲಿ ಅವನ ಹೆಸರು ಒಂದು ಮೆಟ್ಟಿಲು ಇಳಿಯುತ್ತದೆ. ಮೊದಲ ದಿನ ಅವಳು ಜೀವ ಬಾಯಿಗೆ ಬಂದು ಅವನನ್ನು ಉಳಿಸಿದಳು. ಮರುದಿನ ಮೊದಲೇ ಊಹಿಸಿ ಉಳಿಸಿದಳು. ಮೂರನೇ ವಾರಕ್ಕೆ ಎಷ್ಟು ನಯವಾಗಿ ಉಳಿಸಿದಳೆಂದರೆ, ಅವನ ಜೀವದ ಪಟ್ಟಿ ಅಲುಗಾಡಲೇ ಇಲ್ಲ. ಅದನ್ನು ನೋಡಿ ಭಾವ ಒಂದು ಸಂಶೋಧನೆ ಮಾಡಿದ.

‘ಕೇಳ್ರಪ್ಪ, ಆ ಲೋಳೆ ಬರೀ ಬಣ್ಣ. ಏನೂ ಆಗಲ್ಲ. ನಾನು ನಿಂತಿಲ್ವಾ? ಎಲ್ರೂ ಅಲ್ಲೇ ನಿಂತು ಹೊಡೀರಿ.’

ಊರವರ ಕಣ್ಣಿಗೆಲ್ಲ ಗಾಜು ಕೂರಿಸುವ ಮಹಾಶಯನಿಗೆ ತನ್ನ ಕಾಲಡಿಯದು ಕಂಡಿದ್ದು ಇಷ್ಟು. ಉಳಿದವರೂ ಕುರಿಮಂದೆಯಂತೆ ಹೋಗಿ ನಿಂತರು. ಲೋಳೆಯಲ್ಲಿ ಅದ್ದಿದ ಏಳು ಜನರನ್ನು ಒಬ್ಬಳು ಹೇಗೆ ಉಳಿಸಿಯಾಳು? ಸಾಲಾಗಿ ಸತ್ತರು. ಕೊನೆಗೆ ಸಾಯುವವನು ಪ್ರತಿ ಸಲವೂ ಭಾವ, ಏಕೆಂದರೆ ಅಭ್ಯಾಸಬಲದಿಂದ ಅವಳ ಬೆರಳು ಅವನ ಕಡೆಗೇ ಮೊದಲು ಓಡುತ್ತಿತ್ತು.

‘ಲೋ ಮುಲಾಮು, ನಿದ್ದೆ ಹೊಡೀತಿದೀಯೇನೋ?’

ಬಿಲ್ಲು ಹಿಡಿದಿದ್ದ ಮೇಷ್ಟ್ರು, ನಿಜದಲ್ಲೂ ಮೇಷ್ಟ್ರೇ, ಮೆಲ್ಲಗೆ ಹೇಳಿದರು, ‘ಆ ಲೋಳೆಯಿಂದ್ಲೇ ಅನ್ಸತ್ತೆ ಸಾರ್.’

‘ಹಾಗಾದ್ರೆ ನಾನ್ಯಾಕೆ ಮೊದಲು ಸಾಯ್ಲಿಲ್ಲ ಮೇಷ್ಟ್ರೇ?’

‘ಲೋಳೆ ಬಿಟ್ಟು ನಿಲ್ಲಿ’ ಎಂದು ಅವಳು ಪರದೆಯ ಮೇಲೆ ಬರೆದಳು. ‘ಮೊದಲು ನಿನ್ನ ಕೆಲಸ ಕಲಿ’ ಎಂದು ಉತ್ತರ ಬಂತು, ಗೋಡೆಯಿಂದ ಮತ್ತು ಹೆಡ್‌ಫೋನಿನಿಂದ.

ಶನಿವಾರದ ಊಟದಲ್ಲಿ ಭಾವ ಅದೇ ರಾಗ ಎಳೆದ. ‘ನಮ್ಮ ಪಡೇಲಿ ಒಬ್ಬ ಮೂಕ ಇದಾನೆ. ಕೈಯೋ ಕೊರಡೋ ಗೊತ್ತಿಲ್ಲ. ನಾಳೆ ಒಂದು ಸಲ ನೋಡ್ತೀನಿ, ಸೋತ್ರೆ ಆಚೆ ಹಾಕ್ತೀನಿ.’

‘ಪಾಪ ರೀ, ಕಲೀತಾನೆ ಬಿಡಿ,’ ಎಂದಳು ಅಕ್ಕ.

‘ನಿಂಗೇನು ಗೊತ್ತು. ಮನೇಲಿ ಎಲ್ಲ ತಾನಾಗೇ ನಡೆಯತ್ತೆ, ಅಲ್ಲಿ ಹಾಗಲ್ಲ.’

ಅಕ್ಕ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಅವನ ತಟ್ಟೆಯನ್ನು ತನ್ನ ತಟ್ಟೆಯ ಮೇಲಿಟ್ಟುಕೊಂಡು ಎದ್ದಳು. ಅಂಗಿಗಳು ತಾವೇ ಇಸ್ತ್ರಿಯಾಗಿ ಕಪಾಟಿಗೆ ನಡೆದುಹೋಗುತ್ತವೆ, ತಟ್ಟೆಗಳು ತಮ್ಮನ್ನು ತಾವೇ ತೊಳೆದುಕೊಳ್ಳುತ್ತವೆ ಎಂದುಕೊಂಡಿರುವ ಗಂಡಸು ಲೋಳೆಯನ್ನು ಬಣ್ಣವೆಂದರೆ ಸೋಜಿಗವೇನು? ತಂಗಿಗೆ ಮೂರನೆಯ ಸಲ ಅನ್ನಿಸಿದ್ದು ಆಗ. ಜೊತೆಗೆ ಇನ್ನೊಂದೂ ಅನ್ನಿಸಿತು, ಅದನ್ನು ಅವಳು ಡೈರಿಯಲ್ಲಿ ಬರೆಯಲಿಲ್ಲ: ಇವನನ್ನು ಹೀಗೆ ಮಾಡಿಟ್ಟವರು ನಾವಿಬ್ಬರೇ.

ಭಾನುವಾರ ಬೆಳಿಗ್ಗೆ ಕಪ್ಪೆರಾಯನ ಮುಂದೆ ಎಂಟೂ ಜನ ಸೇರಿದರು. ‘ನೆನಪಿರ್ಲಿ,’ ಎಂದ ಭಾವ, ‘ಲೋಳೇಲೇ ನಿಲ್ಲೋದು. ಮುಲಾಮು, ಇದು ನಿನ್ನ ಕೊನೇ ಆಟ ಆಗದೇ ಇರೋ ಹಾಗೆ ನೋಡ್ಕೋ.’

ಅಷ್ಟರಲ್ಲಿ ಅಕ್ಕ ಭಾವನ ಐದು ಅಂಗಿಗಳನ್ನು ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ‘ಮೇಜು ಯಾವಾಗ ಬಿಡ್ತೀಯೇ?’

‘ಎರಡೇ ನಿಮಿಷ ಅಕ್ಕ.’

ಕಪ್ಪೆ ಗಂಟಲುಬ್ಬಿಸಿ ಉಗುಳಿತು. ವಜ್ರಕಾಯ ಹಸಿರಿನ ನಟ್ಟನಡುವೆ ಎದೆ ಸೆಟೆಸಿ ನಿಂತ. ಅವಳ ಬಲಗೈ ತಾನಾಗಿ ಕೀಬೋರ್ಡಿನತ್ತ ಹೋಯಿತು. ಅವಳು ಅದನ್ನು ಎಳೆದುಕೊಂಡು ತೊಡೆಯಡಿ ಇಟ್ಟು ಅದರ ಮೇಲೆ ಕೂತಳು. ಒಂದು. ಎರಡು. ಮೂರು. ನಾಲ್ಕು ಎನ್ನುವುದರೊಳಗೆ ವಜ್ರಕಾಯ ಹಿಟ್ಟಿನ ಮೂಟೆಯಂತೆ ಮಗುಚಿಕೊಂಡ. ಬೆನ್ನಿಗೇ ಕಪ್ಪೆ ಉಳಿದವರನ್ನೂ ನೆಲಕ್ಕೆ ಒರೆಸಿತು.

‘ನೋಡಿದ್ರಲ್ಲ ಎಲ್ರೂ,’ ಎಂದ ಭಾವ. ‘ನನ್ನೇ ಬಿಟ್ಟ. ಈ ಮೂಕನ್ನ ತೆಗೀತಿದೀನಿ. ಏನೋ ಮುಲಾಮು, ಹೇಳೋಕೇನಾದ್ರೂ ಇದ್ಯೇನೋ? ಓ, ಬಾಯೇ ಇಲ್ವಲ್ಲ ನಿಂಗೆ.’

ಯಾರೋ ಕಿಸಕ್ಕೆಂದರು. ಪರದೆಯ ಮೂಲೆಯಲ್ಲಿ ಮೈಕಿನ ಚಿತ್ರ, ಅದರ ಮೇಲೆ ಇಷ್ಟು ತಿಂಗಳೂ ಅಳಿಸದ ಕೆಂಪು ಗೆರೆ. ಅವಳು ಅದನ್ನು ಒತ್ತಿದಳು. ಗೆರೆ ಹೋಯಿತು.

‘ಭಾವ.’

ಗೋಡೆಯಾಚೆ ಕುರ್ಚಿಯ ಕಿರುಗುಡುವಿಕೆ ನಿಂತಿತು. ಬಾಗಿಲಲ್ಲಿ ಅಕ್ಕ ಅಂಗಿಗಳನ್ನು ಎದೆಗವುಚಿಕೊಂಡು ಅವಳನ್ನೇ ನೋಡುತ್ತಿದ್ದಳು. ಅವಳು ಅಕ್ಕನ ಮುಖದಿಂದ ಕಣ್ಣು ತೆಗೆಯದೆ, ಎರಡು ಕೋಣೆಗೂ ಕೇಳುವಂತೆ ಹೇಳಿದಳು:

‘ಆ ಲೋಳೆ ಮೊದಲಿಂದ್ಲೂ ಕೊಲ್ತಾನೇ ಇತ್ತು. ನಿಮಗೆ ಗೊತ್ತಾಗದ ಹಾಗೆ ದಿನಾ ಉಳಿಸ್ತಿದ್ದಿದ್ದು ನಾನು.’