ಕಾಮಾಲೆ ಕಾರ್ಡು

ಆ ಹುಡುಗಿಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟವಳು ನಾನೇ. ಆರೋಗ್ಯ ಸಹಾಯಕಿಯರ ತರಬೇತಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನನ್ನ ತರಗತಿಯಲ್ಲಿ ನಾನು ಕೇಳಬೇಕು, ಅವರು ಹೇಳಬೇಕು. ಇವಳದು ಉಲ್ಟಾ. ಸೇರಿದ ಮೊದಲ ವಾರವೇ ಕೊನೆಯ ಬೆಂಚಿನಿಂದ ಎದ್ದು, “ಮೇಡಂ, ನಮ್ಮಂಥ ಕಪ್ಪು ಮೈಯ ಮಗುವಿಗೆ ಈ ಕಾರ್ಡು ಹಿಡಿದ್ರೆ ಗೊತ್ತಾಗುತ್ತಾ?” ಎಂದು ಕೇಳಿದಳು.

“ಕಪ್ಪಿಗೊಂದು, ಬಿಳುಪಿಗೊಂದು ಅಂತ ಕಾಯಿಲೆ ಬೇರೆ ಬೇರೆ ಬರುತ್ತೇನಮ್ಮಾ?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವಳು ತೆಪ್ಪಗೆ ಕೂತಳು. ನನಗೂ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಕಾರ್ಡು ಎಂದರೆ ನನ್ನ ಕಾಮಾಲೆ ಕಾರ್ಡು. ಅಂಗೈಯಗಲದ್ದು, ತಿಳಿಗುಲಾಬಿಯಿಂದ ಕಡುಹಳದಿಯವರೆಗೆ ಐದು ಚೌಕ. ಕಿಟಕಿಯ ಬೆಳಕಿನಲ್ಲಿ ಹಸುಗೂಸಿನ ಎದೆಯ ಪಕ್ಕ ಹಿಡಿಯಬೇಕು. ಮೈಬಣ್ಣ ಮೂರನೆಯ ಚೌಕಕ್ಕೋ ಅದರಾಚೆಗೋ ಹೊಂದಿದರೆ ಮಗು ಆಸ್ಪತ್ರೆಗೆ, ಇಲ್ಲದಿದ್ದರೆ ಮನೆಯಲ್ಲೇ. ಹನ್ನೆರಡು ವರ್ಷದ ಹಿಂದೆ ನಾನೇ ಮಾಡಿದ್ದು. ಮೊದಲ ಚೌಕದ ಬಣ್ಣ ತೆಗೆದದ್ದು ನನ್ನ ಮಗಳು ಮೂರು ದಿನದ ಕೂಸಾಗಿದ್ದಾಗಿನ ಫೋಟೋದಿಂದ. ಇವತ್ತು ಎಲ್ಲ ಸಹಾಯಕಿಯರ ಚೀಲದಲ್ಲೂ ಅದಿದೆ. ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರಿದೆ.

ಅದೇ ಮಗಳು ಈಗ ಹೆತ್ತಳು. ಬಾಣಂತನಕ್ಕೆಂದು ನಾನು ರಜೆ ಹಾಕಿದೆ. ಮೊಮ್ಮಗಳು ಅಪ್ಪನ ಪಡಿಯಚ್ಚು, ಬಣ್ಣವೂ ಅವನದೇ, ಮಿರಮಿರ ಮಿಂಚುವ ಕಪ್ಪು. “ಅತ್ತೆ, ನಿಮ್ಮ ಕಡೆಯವರು ಸೋತ್ರು,” ಎಂದು ಅಳಿಯ ನನ್ನನ್ನು ರೇಗಿಸಿದ.

ನಾಲ್ಕನೆಯ ದಿನ ಸಹಾಯಕಿ ಮನೆಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ, ತರಗತಿಗೇ ಮೊದಲಿಗಳಾಗಿದ್ದವಳು. ಪರದೆ ಸರಿಸಿ, ಕಾರ್ಡು ಹಿಡಿದು, “ಹಳದಿ ಚೌಕ ಯಾವುದೂ ಹೊಂದ್ತಿಲ್ಲ ಮೇಡಂ, ಮಗು ಚೆನ್ನಾಗಿದೆ,” ಎಂದಳು. ನಾನೂ ಕನ್ನಡಕ ಏರಿಸಿಕೊಂಡು ನೋಡಿದೆ. ಹೊಂದಲಿಲ್ಲ. ಅವಳ ಬೆನ್ನು ತಟ್ಟಿ ಕಳಿಸಿದೆ.

ಮರುದಿನ ಮಗು ಹಾಲಿಗೆ ಬಾಯಿ ತೆರೆಯಲಿಲ್ಲ. “ಅಮ್ಮಾ, ಬೆಳಿಗ್ಗೆಯಿಂದ ಬರೀ ನಿದ್ದೆ ಮಾಡ್ತಿದ್ದಾಳೆ,” ಎಂದಳು ಮಗಳು.

“ಪುಣ್ಯ ಅಂದ್ಕೋ. ನೀನು ನನ್ನನ್ನ ಮೂರು ತಿಂಗಳು ಕಣ್ಣು ಮುಚ್ಚೋಕೆ ಬಿಟ್ಟಿರ್ಲಿಲ್ಲ,” ಎಂದು ಗದರಿದೆ.

ಮಧ್ಯಾಹ್ನ ಪ್ರಶ್ನೆಪತ್ರಿಕೆ ಬಾಗಿಲಲ್ಲಿ ನಿಂತಿದ್ದಳು. ನನ್ನ ವಿಷಯದಲ್ಲಿ ಫೇಲಾಗಿದ್ದಳು, ಮರುಪರೀಕ್ಷೆಯ ಅರ್ಜಿಗೆ ನನ್ನ ಸಹಿ ಬೇಕಿತ್ತು. ರಜೆಯಲ್ಲೂ ಬಿಡಲಿಲ್ಲವಲ್ಲ ಎಂದು ಸಿಡುಕುತ್ತ ಪೆನ್ನು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವಳು ಕೈ ತೊಳೆದುಕೊಂಡು, ಮಗಳ ಪಕ್ಕ ಮಂಡಿಯೂರಿ, ಮಗುವಿನ ತುಟಿ ಸರಿಸಿ ಕಿರುಬೆರಳಿನಿಂದ ಒಸಡು ಒತ್ತುತ್ತಿದ್ದಳು.

“ಯಾರನ್ನ ಕೇಳಿ ಮುಟ್ಟಿದೆ?”

“ಬೈಯೋದು ಆಮೇಲೆ ಮೇಡಂ. ಇಲ್ಲಿ ನೋಡಿ.”

ಬೆರಳು ತೆಗೆದ ಜಾಗ ಅರಿಸಿನ ಹಚ್ಚಿದಂತಿತ್ತು. ಅವಳು ಮೆಲ್ಲಗೆ ರೆಪ್ಪೆ ಎತ್ತಿದಳು. ಕಣ್ಣಿನ ಬಿಳಿಯೂ ಹಳದಿ. ಅಂಗಾಲೂ ಹಳದಿ. ಐದು ದಿನದಿಂದ ಆ ಪಾದಗಳಿಗೆ ಮುತ್ತಿಡುತ್ತಿದ್ದವಳು ನಾನು. ನೋಡಿದ್ದು ಮಾತ್ರ ಕಾರ್ಡನ್ನು.

ಅಳಿಯ ಕಾರನ್ನು ಹೇಗೆ ಓಡಿಸಿದನೋ ನೆನಪಿಲ್ಲ. ರಕ್ತದ ವರದಿ ನೋಡಿದ ವೈದ್ಯೆ, “ಇನ್ನರ್ಧ ದಿನ ಬಿಟ್ಟಿದ್ರೆ ಮಿದುಳಿಗೆ ಪೆಟ್ಟು ಬೀಳ್ತಿತ್ತು,” ಎಂದರು. “ನಿನ್ನೆ ಬಂದ ಸಹಾಯಕಿಗೆ ಯಾರ್ರೀ ಪಾಠ ಹೇಳಿದ್ದು?”

ಮಗಳು ನನ್ನ ಮುಖ ನೋಡಿದಳು.

ಎರಡು ದಿನ ಮಗು ಕಾಮಾಲೆ ಇಳಿಸುವ ನೀಲಿ ಬೆಳಕಿನ ಕೆಳಗೆ ಬತ್ತಲೆ ಮಲಗಿತ್ತು. ಮೂರನೆಯ ಬೆಳಿಗ್ಗೆ ಹಸಿದು ಕಿರುಚಿತು, ಹಾಲು ಕುಡಿಯಿತು. ಗಂಡಾಂತರ ಕಳೆಯಿತು ಎಂದರು ವೈದ್ಯೆ. ನಾನು ಅಲ್ಲಿಂದ ನೇರವಾಗಿ ಶಾಲೆಗೆ ಹೋಗಿ ಕಪಾಟು ತೆಗೆದು ಆ ಹುಡುಗಿಯ ಉತ್ತರಪತ್ರಿಕೆ ಹುಡುಕಿದೆ. ನಾಲ್ಕನೆಯ ಉತ್ತರ: ‘ಕಪ್ಪು ಮೈಯ ಮಗುವಿಗೆ ಕಾರ್ಡು ನಂಬಬಾರದು. ಒಸಡು ಒತ್ತಿ ನೋಡಬೇಕು. ಕಣ್ಣಿನ ಬಿಳಿ, ಅಂಗಾಲು ನೋಡಬೇಕು. ಹಾಲು ಬಿಟ್ಟು ಮಲಗಿದ್ದರೆ ಕಾಯದೆ ರಕ್ತಪರೀಕ್ಷೆಗೆ ಕಳಿಸಬೇಕು.’

ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಪಕ್ಕದಲ್ಲಿ ನನ್ನದೇ ದುಂಡು ಅಕ್ಷರ: ‘ಪಾಠದಲ್ಲಿ ಇಲ್ಲದ್ದನ್ನು ಬರೆಯಬಾರದು.’ ಅಂಕ ಸೊನ್ನೆ.

ಸಂಜೆ ಅವಳು ಮಗು ನೋಡಲು ಆಸ್ಪತ್ರೆಗೆ ಬಂದಳು. ಕಾರಿಡಾರಿನ ಬೆಂಚಿನ ಮೇಲೆ ಪಕ್ಕಕ್ಕೆ ಕೂರಿಸಿಕೊಂಡೆ.

“ನಾನು ಕಲಿಸದ್ದನ್ನ ಎಲ್ಲಿ ಕಲಿತೆಯಮ್ಮಾ?”

“ನನಗೊಬ್ಬ ತಮ್ಮ ಇದ್ದ ಮೇಡಂ. ಆರು ದಿನ. ಒಸಡು ನೋಡ್ಬೇಕಿತ್ತು ಅಂತ ಡಾಕ್ಟರು ಆಮೇಲೆ ಅಮ್ಮನಿಗೆ ಹೇಳಿದ್ರು.”

“ಮನೆಗೆ ಸಹಾಯಕಿ ಯಾರೂ ಬಂದಿರ್ಲಿಲ್ವಾ?” ಆ ಸಹಾಯಕಿಯ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

“ಎರಡು ಸಲ ಬಂದಿದ್ರು. ಕಿಟಕಿ ಹತ್ರ ಎತ್ಕೊಂಡು ಹೋಗಿ ನೋಡಿದ್ರು.” ಅವಳು ಚೀಲದಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದು ನನ್ನ ಕೈಗಿಟ್ಟಳು. ಒಳಗೆ ಅಂಚು ಸವೆದ ಕಾರ್ಡು. ಐದು ಚೌಕ, ಕೆಳಗೆ ನನ್ನ ಹೆಸರು. “ಅವರು ಇದನ್ನ ನಮ್ಮನೇಲೇ ಮರೆತು ಹೋಗಿದ್ರು.”

“ಇಷ್ಟು ದಿನ ಇದನ್ನ ಇಟ್ಕೊಂಡು ಸುಮ್ನೆ ಇದ್ದ್ಯಾ?” ಎಂದೆ.

“ಇಲ್ಲ ಮೇಡಂ. ಈ ಹೆಸರಿನವರನ್ನೇ ಕೇಳ್ಬೇಕು ಅಂತ ನಿಮ್ಮ ಶಾಲೆಗೆ ಸೇರ್ಕೊಂಡೆ,” ಎಂದಳು ಅವಳು. “ಮೊದಲ ವಾರಾನೇ ಕೇಳಿದ್ನಲ್ಲ.”