ಗುಂಡಮ್ಮನ ಗಲ್ಲ

ಗುಂಡಮ್ಮನಿಗೆ ಗಲ್ಲ ತುಂಬಿ ಬಂದಿದೆ ಎಂದು ಗೇಟಿನವನು ಕಂಡಕಂಡವರಿಗೆಲ್ಲ ಹೇಳಿದ್ದೇ ಹೇಳಿದ್ದು. ಕಾಡಿನ ರಸ್ತೆಗೆ ಅಡ್ಡ ಹಾಕಿದ ಕಂಬವನ್ನು ಎತ್ತಿ ಇಳಿಸುವುದು ಅವನ ಕೆಲಸ. ಈ ಸುದ್ದಿ ಕೇಳದೆ ಯಾವ ಲಾರಿಯೂ ಮುಂದೆ ಹೋಗುವಂತಿರಲಿಲ್ಲ. "ನಿಮ್ಮ ಮಗಳಾ?" ಎಂದು ಒಬ್ಬ ಡ್ರೈವರ್ ಕೇಳಿದ. "ಅಲ್ಲಪ್ಪ, ಜಿಂಕೆ" ಎಂದ ಇವನು. ಡ್ರೈವರ್ ಇವನ ಮುಖವನ್ನೊಮ್ಮೆ ನೋಡಿ ಗೇರ್ ಹಾಕಿದ.

ನಗುವವರು ನಗಲಿ. ಗೇಟಿನವನ ಹೆಂಡತಿ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ ತಬ್ಬಲಿ ಮರಿ ಗುಂಡಮ್ಮ. ಕಡ್ಡಿಯಂತಿದ್ದ ಅದಕ್ಕೆ ಹೆಸರಿನಿಂದಲಾದರೂ ಮೈ ಹಿಡಿಯಲಿ ಎಂದು ಅವಳೇ ಹಾಗೆ ಕರೆದಿದ್ದಳು. ಬೆಳೆದ ಮೇಲೆ ಅದು ಕಾಡಿನ ಹಿಂಡು ಸೇರಿತು. ಆದರೂ ಸಂಜೆ ಅವಳು ಹಿತ್ತಲ ಬೇಲಿಯ ಹತ್ತಿರ ನಿಂತು ಸ್ಟೀಲಿನ ಬೋಗುಣಿಗೆ ಸೌಟಿನಿಂದ ಟಣಟಣ ಬಡಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿತ್ತು. ಅವಳು ಒಂದು ಹಿಡಿ ತೌಡು ತಿನ್ನಿಸಿ, ಕಿವಿ ಹಿಂಡಿ ಕಳಿಸಿಬಿಡುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಬೋಗುಣಿ ಇವನ ಕೈಗೆ ಬಂತು. ಮೊದಲ ಸಲ ಬಡಿದಾಗ ಗುಂಡಮ್ಮ ಓಡಿ ಬಂದು, ಇವನನ್ನು ದಾಟಿ ಹಿಂದಿನ ಬಾಗಿಲ ಕಡೆಗೇ ನೋಡುತ್ತ ನಿಂತಿತು. ಗೇಟಿನವನು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಹಿಡಿ ಹೋಗಿ ಬುಟ್ಟಿಯಾಯಿತು, ಬುಟ್ಟಿ ಹೋಗಿ ಮೂಟೆಯಾಯಿತು. ಗುಂಡಮ್ಮನ ಬೆನ್ನಿಗೆ ಇಡೀ ಹಿಂಡು ಬರತೊಡಗಿತು. ನೆಲಕ್ಕೆ ಸುರಿದದ್ದನ್ನು ಅವು ಅಲ್ಲೇ ತಿಂದು, ಅಲ್ಲೇ ಹಿಕ್ಕೆ ಹಾಕಿ, ಅಲ್ಲೇ ಮಲಗುತ್ತಿದ್ದವು. ಇವನ ದಾರಿ ಕಾಯುವವರು ಇಷ್ಟು ಮಂದಿ ಇವನ ಮದುವೆಯಲ್ಲೂ ಇರಲಿಲ್ಲ.

ಈಗ ಗಲ್ಲವೇನೋ ತುಂಬಿಕೊಂಡಿತ್ತು, ಓಟ ಮಾತ್ರ ಕುಂದಿತ್ತು. ಮೈ ಬಂದವರು ಎಲ್ಲಾದರೂ ಓಡುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡ. ಒಂದು ಸಂಜೆ ಗುಂಡಮ್ಮ ತೌಡಿನ ಪಕ್ಕದಲ್ಲೇ ಕುಸಿದು ಬಿತ್ತು, ಏಳಲಿಲ್ಲ. ಪಟ್ಟಣದಲ್ಲಿ ಪ್ರಾಣಿಗಳ ಡಾಕ್ಟರಾಗಿದ್ದ ಮಗಳಿಗೆ ಫೋನ್ ಮಾಡಿದ.

ಮಗಳು ಬಂದು ಗುಂಡಮ್ಮನ ಗಲ್ಲವನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪೇ ಇರಲಿಲ್ಲ.

"ಅಪ್ಪಾ, ಇದು ಕೊಬ್ಬಲ್ಲ, ನೀರು. ಹೊಟ್ಟೇಲಿ ಹುಳ ರಕ್ತ ಕುಡೀತಾ ಇದಾವೆ. ರಕ್ತ ತೆಳುವಾದ್ರೆ ನೀರು ಹೀಗೆ ಗಲ್ಲಕ್ಕಿಳಿಯುತ್ತೆ."

"ನಾನು ಊರಿಗೆಲ್ಲ ಡಂಗುರ ಹೊಡೆದೆನಲ್ಲೇ..." ಎಂದ ಅವನು.

ಔಷಧಿ ಹೊಟ್ಟೆಗಿಳಿಯಿತು, ಆದರೆ ಕಾಲ ಮೀರಿತ್ತು. ಬೆಳಗಾಗುವಷ್ಟರಲ್ಲಿ ಗುಂಡಮ್ಮ ಅವನ ತೊಡೆಯ ಮೇಲೆ ತಲೆಯಿಟ್ಟು ಸತ್ತುಹೋಯಿತು. ಮಗಳು ಬೇಡವೆಂದರೂ ಕೇಳದೆ, ಅವಳು ಗುಂಡಮ್ಮನ ಹೊಟ್ಟೆ ಬಿಚ್ಚುವಾಗ ಪಕ್ಕದಲ್ಲೇ ನಿಂತ. ಕತ್ತರಿಸಿ ಚೆಲ್ಲಿದ ದಾರದ ತುಂಡುಗಳಂತೆ ಹುಳಗಳು ಒಳಗೋಡೆಯನ್ನು ಕಚ್ಚಿಕೊಂಡು ಮಿಸುಕಾಡುತ್ತಿದ್ದವು. ಹೆಂಡತಿ ಹಾಲೆರೆದ ಹೊಟ್ಟೆ ಅದು.

"ಎಲ್ಲಿಂದ ಬಂದ್ವು ಇವು?"

ಮಗಳು ಬಹಳ ಹೊತ್ತು ಕೈ ತೊಳೆದಳು.

"ಸುಳ್ಳು ಹೇಳ್ಬೇಡ. ನಿಮ್ಮಮ್ಮನ ಥರ ನಿನಗೂ ಅದು ಬರಲ್ಲ."

"ಹಿಕ್ಕೇಲಿ ಮೊಟ್ಟೆ ಇರುತ್ತಪ್ಪಾ. ಮರಿಯಾಗಿ ಹುಲ್ಲಿಗೆ ಹತ್ತುತ್ತೆ, ಹುಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತೆ. ಕಾಡಲ್ಲಾದ್ರೆ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಮೇಯ್ತಾವೆ. ಇಲ್ಲಿ ದಿನಾ ಅದೇ ಜಾಗ."

"ಅಂದ್ರೆ ನಾನೇ."

"ಅಮ್ಮ ಕೊಡ್ತಿದ್ದಂಗೆ ಒಂದು ಹಿಡಿಯಾಗಿದ್ರೆ ಏನೂ ಆಗ್ತಿರ್ಲಿಲ್ಲ" ಎಂದಳು ಮಗಳು.

"ತೌಡಲ್ಲಿ ಔಷಧಿ ಬೆರೆಸಿದ್ರೆ?"

"ಗಟ್ಟಿ ಇರೋವು ನುಗ್ಗಿ ತಿಂತಾವೆ, ಬಡಕಲಿಗೆ ಸಿಗಲ್ಲ. ನೆಲದಲ್ಲಿರೋ ಹುಳ ಹಾಗೇ ಉಳಿಯುತ್ತೆ. ಹಿಂಡಲ್ಲಿರೋ ಆ ಚಿಕ್ಕ ಮರಿಗೂ ಆಗಲೇ ಗಲ್ಲ ಊದಿದೆ, ನೋಡಿದ್ಯಾ? ಅವು ಇಲ್ಲಿಗೆ ಬರೋದೇ ನಿಲ್ಲಬೇಕು. ಓಡಿಸಪ್ಪಾ."

ಸಂಜೆ ಹಿಂಡು ಬೇಲಿಯ ಹತ್ತಿರ ಬಂದು ನಿಂತಿತು. ಗೇಟಿನವನು ಚಪ್ಪಾಳೆ ತಟ್ಟಿದ, ಕೂಗಿದ. ಅವು ಕಿವಿ ಅಲ್ಲಾಡಿಸಿದವು ಅಷ್ಟೆ. ಮಣ್ಣಿನ ಹೆಂಟೆ ಎತ್ತಿ ಎಸೆದ. ತಾಗದ ಹಾಗೆ ಎಸೆಯುವುದೂ ಒಂದು ಎಸೆತವೇ? ದೊಡ್ಡ ಸದ್ದು ಮಾಡಿದರೆ ಹೆದರಿಯಾವು ಎಂದು ಒಳಗೆ ಓಡಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬಡಿದ.

ಟಣ ಟಣ ಟಣ.

ದೂರದಲ್ಲಿದ್ದವೂ ತಲೆಯೆತ್ತಿದವು. ಪೊದೆಯೊಳಗೆ ಮಲಗಿದ್ದವು ಎದ್ದವು. ಎಲ್ಲವೂ ಓಡಿ ಬಂದವು. ಗಲ್ಲ ಊದಿದ ಚಿಕ್ಕದು ಎಲ್ಲಕ್ಕಿಂತ ಹಿಂದೆ, ಏದುಸಿರು ಬಿಡುತ್ತ ಬಂತು.

ಆಗ ಅವನು ತನ್ನ ಕೈಯಲ್ಲಿದ್ದ ಬೋಗುಣಿಯನ್ನು ನೋಡಿದ. ಸೌಟು ಕೆಳಗೆ ಬಿತ್ತು.

"ಹೋಗ್ರೋ" ಎಂದ. "ನಿಮ್ಮ ಕಾಲಿಗೆ ಬೀಳ್ತೀನಿ, ಹೋಗ್ರೋ."

ಅವಕ್ಕೆ ಗೊತ್ತಿದ್ದ ದನಿಯದು. ಅವು ಇನ್ನಷ್ಟು ಹತ್ತಿರ ಬಂದವು. ಚಿಕ್ಕದು ಬೇಲಿಯ ಸಂದಿನಲ್ಲಿ ಮೂತಿ ತೂರಿಸಿ, ಖಾಲಿ ಬೋಗುಣಿಯನ್ನು ನೆಕ್ಕತೊಡಗಿತು.